ಮುಚ್ಚಿದ ಬಾಗಿಲೊಳಗಿನ ದೇಹ: ಬೂದ್ವಾರ್ ಛಾಯಾಚಿತ್ರವೂ ಸಭೆಯ ಸಾಕ್ಷಿಯೂ

ಉಡುಪಿ, ಕಾಪು, ಕಾರ್ಕಳದ ಸೀಮೆಯಲ್ಲಿ ಹಿಂದಿನ ತಲೆಮಾರಿನ ಸ್ತ್ರೀಯೊಬ್ಬಳ ಆಯುಷ್ಯದಲ್ಲಿ ಛಾಯಾಚಿತ್ರವೆಂಬುದು ಹೆಚ್ಚಾಗಿ ಮೂರು ಸಂದರ್ಭಗಳಿಗೆ ಮೀಸಲಾಗಿತ್ತು. ವರನ ಮನೆಯವರಿಗೆ ತೋರಿಸಲೆಂದು ಸ್ಟುಡಿಯೊದಲ್ಲಿ ತೆಗೆಸಿದ ಚಿತ್ರ ಮೊದಲನೆಯದು. ಮದುವೆಯ ಚಿತ್ರ ಎರಡನೆಯದು. ತೀರಿಕೊಂಡ ಮೇಲೆ ಪತ್ರಿಕೆಯಲ್ಲಿ ಅಚ್ಚಾದದ್ದು ಮೂರನೆಯದು. 1970ರಿಂದ ಮಣಿಪಾಲದಿಂದ ಹೊರಡುತ್ತಿರುವ ‘ಉದಯವಾಣಿ’ಯ ನಿಧನವಾರ್ತೆಗಳನ್ನು ಗಮನವಿಟ್ಟು ನೋಡಿದವರು ಬಲ್ಲರು: ವೃದ್ಧೆಯರ ಎಷ್ಟೋ ಚಿತ್ರಗಳು ಯಾವುದೋ ಮದುವೆಯ ಗುಂಪುಚಿತ್ರದಿಂದ ಕತ್ತರಿಸಿ ತೆಗೆದವು, ಅಂಚಿನಲ್ಲಿ ಇನ್ನೊಬ್ಬರ ಭುಜವೋ ಸೀರೆಯ ಸೆರಗೋ ಉಳಿದುಕೊಂಡಿರುತ್ತದೆ. ಮೊದಲನೆಯ ಚಿತ್ರ ಪರೀಕ್ಷೆಗಾಗಿ, ಎರಡನೆಯದು ಕುಟುಂಬದ ದಾಖಲೆಗಾಗಿ, ಮೂರನೆಯದು ಊರಿನ ತಿಳಿವಳಿಕೆಗಾಗಿ. ಈ ಮೂರರಲ್ಲಿ ಒಂದನ್ನೂ ಆಕೆ ತನಗೆಂದು ಕೇಳಿ ತೆಗೆಸಿಕೊಂಡದ್ದಲ್ಲ.

ಇಂದು ಚಿತ್ರ ಬೇರೆಯಾಗಿದೆ. ಮಲ್ಪೆಯ ಮರಳಿನಲ್ಲಿ, 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭದ ಬಂಡೆಯ ಕೆಳಗೆ, ವಿವಾಹಪೂರ್ವ ಚಿತ್ರೀಕರಣವೂ ಬಸುರಿಯರ ಚಿತ್ರೀಕರಣವೂ ದಿನನಿತ್ಯದ ನೋಟಗಳು. ಅದೇ ದಾರಿಯಲ್ಲಿ ಮುಂದಿನ ಹೆಜ್ಜೆಯಾಗಿ ನಮ್ಮ ನಾಡಿನ ನಗರಗಳಿಗೆ ಬಂದಿರುವುದು ‘ಬೂದ್ವಾರ್’ ಛಾಯಾಗ್ರಹಣ. ಸ್ತ್ರೀಯು ಮಲಗುವ ಕೋಣೆಯಲ್ಲಿ, ಒಳಉಡುಪಿನಲ್ಲಿಯೋ ಬರಿಯ ಹೊದಿಕೆಯಲ್ಲಿಯೋ ತನ್ನ ಚಿತ್ರವನ್ನು ತಾನೇ ಹಣ ಕೊಟ್ಟು ತೆಗೆಸಿಕೊಳ್ಳುವ ಪದ್ಧತಿ ಇದು. ಅದನ್ನು ಆರಿಸಿಕೊಂಡವರು ಕೊಡುವ ಕಾರಣ ಹೆಚ್ಚುಕಡಮೆ ಒಂದೇ: ನಾನು ನನ್ನನ್ನು ಸಂಭ್ರಮಿಸಬೇಕು.

ಈ ಮಾತನ್ನು ಕೇಳಿದೊಡನೆ ಸಭೆಯು ಕಣ್ಣು ಮುಚ್ಚಿಕೊಳ್ಳುವುದೂ ಸರಿಯಲ್ಲ, ಕಾಲ ಬದಲಾಯಿತೆಂದು ತಲೆದೂಗುವುದೂ ಸರಿಯಲ್ಲವೆಂದು ನಾವು ಭಾವಿಸುತ್ತೇವೆ. ಚಿತ್ರವನ್ನು ವಿಮರ್ಶಿಸುವ ಮೊದಲು ಅದರ ಹಿಂದಿರುವ ಬೇಡಿಕೆಯನ್ನು ಕೇಳಿಸಿಕೊಳ್ಳಬೇಕು. ಆ ಬೇಡಿಕೆ ಸಾಕ್ಷಿಯೊಬ್ಬನಿಗಾಗಿ ಎಂಬುದು ನಮ್ಮ ವಾದ. ತೀರ್ಪು ಕೊಡದೆ, ಬೆಲೆ ಕಟ್ಟದೆ, ತನ್ನ ದೇಹವನ್ನು ಒಮ್ಮೆ ಯಾರಾದರೂ ನೋಡಿ ‘ಒಳ್ಳೆಯದು’ ಎನ್ನಬೇಕೆಂಬ ಹಂಬಲಕ್ಕೆ ಸಭೆಯು ಉತ್ತರ ಕೊಡದ ಕಡೆ ಸ್ಟುಡಿಯೊ ಉತ್ತರ ಕೊಡುತ್ತಿದೆ.

1. ಒಳಕೋಣೆಯ ಪೂರ್ವೋತ್ತರ

‘ಬೂದ್ವಾರ್’ ಎಂಬ ಫ್ರೆಂಚ್ ಪದದ ಮೂಲದಲ್ಲಿರುವ ಕ್ರಿಯಾಪದಕ್ಕೆ ಮುನಿಸಿಕೊಳ್ಳುವುದು ಎಂದರ್ಥ. ಹದಿನೆಂಟನೆಯ ಶತಮಾನದ ಸಿರಿವಂತ ಮನೆಗಳಲ್ಲಿ ಸ್ತ್ರೀಯು ಒಬ್ಬಳೇ ಇರಬಹುದಾಗಿದ್ದ ಕೋಣೆಗೆ ಆ ಹೆಸರು ಬಂತು. ಹೆಸರಿನಲ್ಲಿ ಗಂಡಸರ ಕುಚೋದ್ಯವಿದ್ದರೂ ಕೋಣೆ ಮಾತ್ರ ಆಕೆಯದು. ಛಾಯಾಗ್ರಹಣ ಹುಟ್ಟಿ ಹೆಚ್ಚು ವರ್ಷ ಕಳೆಯುವ ಮುನ್ನವೇ ಆ ಏಕಾಂತವು ಚಿತ್ರಕ್ಕೆ ವಸ್ತುವಾಯಿತು. ಪ್ಯಾರಿಸಿನಲ್ಲಿ ಕ್ಯಾಸ್ಟಿಲ್ಯೋನೆಯ ಕೌಂಟೆಸ್ ವರ್ಜೀನಿಯ ಓಲ್ಡೊಯಿನಿ 1856ರಿಂದ 1895ರ ವರೆಗೆ ಪಿಯೆರ್ ಲೂಯಿ ಪಿಯೆರ್ಸನ್ ಎಂಬ ಛಾಯಾಗ್ರಾಹಕನ ಕೈಯಲ್ಲಿ ತನ್ನ ನಾನೂರಕ್ಕೂ ಮಿಕ್ಕಿ ಚಿತ್ರಗಳನ್ನು ತೆಗೆಸಿಕೊಂಡಳು. ಭಂಗಿ, ಉಡುಪು, ಕೋನ ಎಲ್ಲವೂ ಆಕೆಯ ನಿರ್ಧಾರ. ಯೌವನ ಕಳೆದ ಮೇಲೆ, 1890ರ ದಶಕದಲ್ಲಿ, ಆಕೆ ಮತ್ತೆ ಅದೇ ಕ್ಯಾಮೆರಾದ ಮುಂದೆ ನಿಂತಳು. ಆದರೆ 1899ರಲ್ಲಿ ಆಕೆ ತೀರಿಕೊಂಡ ಮೇಲೆ ಆ ಚಿತ್ರಗಳಲ್ಲಿ ಹೆಚ್ಚಿನವು ರೊಬೇರ್ ದ ಮೊಂತೆಸ್ಕ್ಯೂ ಎಂಬ ಸಂಗ್ರಾಹಕನ ಪಾಲಾದವು. ಚಿತ್ರದ ಆಯುಷ್ಯ ಚಿತ್ರಿತಳ ಸಮ್ಮತಿಗಿಂತ ದೀರ್ಘವಾದದ್ದೆಂಬ ಪಾಠ ಅಲ್ಲಿಯೇ ಇದೆ.

ನಮ್ಮ ದೇಶದ ಕಥೆ ಬೇರೆ ಬಾಗಿಲಿನಿಂದ ಆರಂಭವಾಗುತ್ತದೆ. ಲಾಲಾ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಗೋಷಾ ಸ್ತ್ರೀಯರಿಗೆಂದೇ ಜನಾನಾ ಸ್ಟುಡಿಯೊ ತೆರೆದರು. ಅದನ್ನು ನಡೆಸಿದವಳು ಕೆನ್ನಿ ಲೆವಿಕ್ ಎಂಬ ಆಂಗ್ಲ ಸ್ತ್ರೀ. ಪುರುಷನ ಕಣ್ಣು ಹೊಗದ ಕಡೆ ಸ್ತ್ರೀಯೊಬ್ಬಳು ಸ್ತ್ರೀಯನ್ನು ನೋಡುವ ಏರ್ಪಾಡು ಅದು. ಕನ್ನಡ ನಾಡಿನ ಸ್ಟುಡಿಯೊಗಳಲ್ಲಿ ಇದಕ್ಕೊಂದು ಸೌಮ್ಯವಾದ ರೂಪವಿತ್ತು: ಮೊಗ್ಗಿನ ಜಡೆ ಹೆಣೆಸಿಕೊಂಡ ಹುಡುಗಿಯನ್ನೋ ಸೀಮಂತದ ಬಸುರಿಯನ್ನೋ ಕನ್ನಡಿಯ ಮುಂದೆ ನಿಲ್ಲಿಸಿ, ಮುಖವೂ ಜಡೆಯೂ ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ತೆಗೆದ ಚಿತ್ರ. ಅಲ್ಲಿಯೂ ದೇಹದ ಸಂಭ್ರಮವೇ ವಸ್ತು. ಆದರೆ ಅದು ಮೈನೆರೆಯುವುದು, ಬಸುರಾಗುವುದು ಎಂಬ ಹೊಸ್ತಿಲುಗಳಿಗೆ ಕಟ್ಟುಬಿದ್ದ ಸಂಭ್ರಮ. ಮದುವೆಯಾಗದವಳಿಗೆ, ಮಕ್ಕಳಿಲ್ಲದವಳಿಗೆ, ವಿಧವೆಗೆ ಆ ಕನ್ನಡಿಯ ಮುಂದೆ ಜಾಗವಿರಲಿಲ್ಲ.

ಇವೆರಡರ ಜೊತೆಗೆ ಮೂರನೆಯ ಪರಂಪರೆಯೊಂದಿದೆ. 1868ರಿಂದ 1875ರ ನಡುವೆ ಎಂಟು ಸಂಪುಟಗಳಲ್ಲಿ ಬಂದ ‘ಪೀಪಲ್ ಆಫ್ ಇಂಡಿಯ’ದಂಥ ವಸಾಹತು ಗ್ರಂಥಗಳಲ್ಲಿ ಸ್ತ್ರೀಯರ ಚಿತ್ರದ ಕೆಳಗೆ ಜಾತಿಯೋ ಕುಲವೋ ಇರುತ್ತದೆ, ಅನೇಕ ಕಡೆ ಹೆಸರಿರುವುದಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಚಿತ್ರಸಂಗ್ರಹ ನಮ್ಮ ಕರಾವಳಿಯ ಸಭೆಗಳಿಗೆ ಅಮೂಲ್ಯವಾದ ಆಸ್ತಿ. ಅದನ್ನು ನೋಡುವಾಗಲೂ ಚಿತ್ರ ಯಾರ ಇಚ್ಛೆಯಿಂದ ಹುಟ್ಟಿತೆಂಬ ಪ್ರಶ್ನೆಯನ್ನು ನಾವು ಬದಿಗಿಡಲಾಗದು. ಈ ಪ್ರಶ್ನೆಯನ್ನು ಕಲೆಯಾಗಿ ಮಾಡಿದವರು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಕ್ಲೇರ್ ಆರ್ನಿಯವರೊಡನೆ 2000ದಿಂದ 2004ರ ವರೆಗೆ ರಚಿಸಿದ ದಕ್ಷಿಣ ಭಾರತದ ಸ್ತ್ರೀಯರ ಚಿತ್ರಮಾಲೆಯಲ್ಲಿ ಅವರು ರವಿವರ್ಮನ ಲಕ್ಷ್ಮಿಯಾಗಿ, ಅಳತೆಪಟ್ಟಿಯ ಮುಂದೆ ನಿಲ್ಲಿಸಲ್ಪಟ್ಟ ಬುಡಕಟ್ಟಿನ ಸ್ತ್ರೀಯಾಗಿ, ವೇಳಾಂಗಣ್ಣಿಯ ಮಾತೆಯಾಗಿಯೂ ತಾವೇ ನಿಂತರು. ಪೂಜೆಯ ಚಿತ್ರವೂ ಅಳತೆಯ ಚಿತ್ರವೂ ಅಕ್ಕಪಕ್ಕದಲ್ಲಿ ಬಂದಾಗ, ಎರಡರಲ್ಲಿಯೂ ಸ್ತ್ರೀಯು ಬೇರೊಬ್ಬರು ಗೊತ್ತುಮಾಡಿದ ಭಂಗಿಯಲ್ಲಿದ್ದಾಳೆಂಬುದು ನಮಗೆ ಹೊಳೆಯುತ್ತದೆ.

2. ಏಕೆ ಆರಿಸಿಕೊಳ್ಳುತ್ತಾರೆ

ಈ ಹಿನ್ನೆಲೆಯಲ್ಲಿ ಇಂದಿನ ಸ್ತ್ರೀಯ ಆಯ್ಕೆಯನ್ನು ಓದಬೇಕು. ಬೂದ್ವಾರ್ ಚಿತ್ರಕ್ಕೆ ಬರುವವರೆಲ್ಲ ಗಂಡನಿಗೆ ಉಡುಗೊರೆ ಕೊಡಲು ಬರುವವರಲ್ಲ. ನಲವತ್ತು, ಐವತ್ತು ದಾಟಿದವರಿದ್ದಾರೆ, ಹೆರಿಗೆಯ ನಂತರ ತನ್ನ ಹೊಟ್ಟೆಯನ್ನು ತಾನೇ ಗುರುತಿಸಲಾರದೆ ಹೋದವರಿದ್ದಾರೆ, ವಿವಾಹವು ಮುರಿದವರಿದ್ದಾರೆ, ಶಸ್ತ್ರಚಿಕಿತ್ಸೆಯ ಮೇಜಿನಿಂದ ಎದ್ದು ಬಂದವರಿದ್ದಾರೆ. ಇವರೆಲ್ಲರ ದೇಹವನ್ನು ಅದುವರೆಗೆ ನೋಡಿದವರು ಬಹಳ ಮಂದಿ. ವೈದ್ಯರು ನೋಡಿದ್ದಾರೆ, ವರನ ಕಡೆಯವರು ನೋಡಿದ್ದಾರೆ, ಬಸ್ಸಿನಲ್ಲಿ ಅಪರಿಚಿತರು ನೋಡಿದ್ದಾರೆ. ಪ್ರತಿ ನೋಟದ ಕೊನೆಗೂ ಒಂದು ತೀರ್ಮಾನವಿತ್ತು: ರೋಗವಿದೆ, ಬಣ್ಣ ಕಡಮೆ, ದಪ್ಪವಾಗಿದ್ದಾಳೆ.

ಬಣ್ಣದ ಮಾತನ್ನು ನಾವು ಹಗುರವಾಗಿ ಎತ್ತುತ್ತಿಲ್ಲ. 1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ ತನ್ನ ಹೆಸರಿನಿಂದ ಬಿಳುಪಿನ ಮಾತನ್ನು ತೆಗೆದದ್ದು 2020ರಲ್ಲಿ. ಆ ನಲವತ್ತೈದು ವರ್ಷಗಳಲ್ಲಿ ಬೆಳೆದ ಹೆಣ್ಣುಮಕ್ಕಳು ನಮ್ಮ ಸಭೆಗಳಲ್ಲಿಯೂ ಇದ್ದಾರೆ. ಪರಮಗೀತೆಯ ಮೊದಲನೆಯ ಅಧ್ಯಾಯದಲ್ಲಿ ಮಾತಾಡುವ ಯುವತಿ ತಾನು ಕಪ್ಪೆಂದೂ ಚೆಲುವೆಯೆಂದೂ ಒಂದೇ ಉಸಿರಿನಲ್ಲಿ ಹೇಳಿಕೊಳ್ಳುತ್ತಾಳೆ. ಬಿಸಿಲಲ್ಲಿ ದ್ರಾಕ್ಷೆತೋಟ ಕಾದು ಕಪ್ಪಾದವಳು ತಾನು, ಹಾಗೆ ದಿಟ್ಟಿಸಬೇಡಿರಿ ಎನ್ನುತ್ತಾಳೆ. ಸತ್ಯವೇದದಲ್ಲಿ ಸ್ತ್ರೀಯೊಬ್ಬಳು ತನ್ನ ದೇಹವನ್ನು ತಾನೇ ಹೊಗಳಿಕೊಳ್ಳುವ ಈ ಭಾಗವನ್ನು ನಮ್ಮ ಪೀಠಗಳಿಂದ ಎಷ್ಟು ಸಲ ಬೋಧಿಸಿದ್ದೇವೆ? ಬೋಧಿಸಿದಾಗಲೂ ಕ್ರಿಸ್ತನಿಗೂ ಸಭೆಗೂ ಇರುವ ಸಂಬಂಧದ ರೂಪಕವೆಂದು ಹೇಳಿ ದಾಟಿಹೋಗಿದ್ದೇವೆ.

ಶಸ್ತ್ರಚಿಕಿತ್ಸೆಯಾದವರ ವಿಷಯ ಇನ್ನೂ ಗಂಭೀರ. ಭಾರತದ ಸ್ತ್ರೀಯರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಸ್ತನದ್ದು. ಮಣಿಪಾಲದ ಆಸ್ಪತ್ರೆಗೆ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಸ್ತ್ರೀಯರು ಬರುತ್ತಾರೆ. ಗುಣವಾಗಿ ಮನೆಗೆ ಮರಳಿದವರನ್ನು ನಾವು ಪ್ರಾರ್ಥನೆಯಲ್ಲಿ ಸ್ಮರಿಸುತ್ತೇವೆ, ಆದರೆ ಅವರ ಎದೆಯ ಮೇಲಿನ ಗಾಯದ ಗೆರೆಯ ಬಗ್ಗೆ ಏನೂ ಹೇಳುವುದಿಲ್ಲ. ಅಮೆರಿಕದ ಕವಯಿತ್ರಿ ಡೀನಾ ಮೆಟ್ಸ್‌ಗರ್ ಸ್ತನವನ್ನು ಕಳೆದುಕೊಂಡ ಎದೆಯನ್ನು ತೆರೆದು, ಕೈಗಳನ್ನು ಚಾಚಿ ನಿಂತ ಚಿತ್ರವನ್ನು ಹೆಲ್ಲಾ ಹಮ್ಮಿಡ್ ಎಂಬಾಕೆ 1970ರ ದಶಕದ ಕೊನೆಯಲ್ಲಿ ತೆಗೆದಳು. 1993ರ ಆಗಸ್ಟಿನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ವಾರಪತ್ರಿಕೆಯ ಮುಖಪುಟದಲ್ಲಿ ಮಟುಷ್ಕಾ ತಾನೇ ತೆಗೆದ ಅಂಥದೇ ಸ್ವಚಿತ್ರ ಬಂತು. ಇವನ್ನು ಕಂಡು ಕಾಮ ಕೆರಳಿತೆಂದು ಹೇಳುವವರು ವಿರಳ. ಹೀಗಿರುವಾಗ ಬೂದ್ವಾರ್ ಚಿತ್ರವೆಂದರೆ ಕಾಮಪ್ರಚೋದನೆಯೇ ಎಂಬ ಸರಳ ಸಮೀಕರಣ ನಿಲ್ಲುವುದಿಲ್ಲ.

3. ಸಭೆಯ ಆಕ್ಷೇಪಗಳು

ಸಭೆಯೊಳಗಿಂದ ಏಳುವ ಮೊದಲನೆಯ ಆಕ್ಷೇಪ ಮಾನಮರ್ಯಾದೆಯದು. ಇದಕ್ಕಾಗಿ ಉದಾಹರಿಸುವ ವಾಕ್ಯಗಳು ಸಾಮಾನ್ಯವಾಗಿ 1 ತಿಮೊಥೆ 2 ಮತ್ತು 1 ಪೇತ್ರ 3. ಆದರೆ ಆ ಎರಡು ಕಡೆಯೂ ಅಪೊಸ್ತಲರು ಹೆಸರಿಸಿ ಎಚ್ಚರಿಸಿರುವುದು ಹೆಣೆದ ಜಡೆ, ಚಿನ್ನ, ಬೆಲೆಬಾಳುವ ವಸ್ತ್ರಗಳ ಬಗ್ಗೆ. ಬಡವರ ನಡುವೆ ಸಂಪತ್ತಿನ ಪ್ರದರ್ಶನ ಬೇಡವೆಂಬುದು ಅಲ್ಲಿಯ ಕಾಳಜಿ. ಅಕ್ಷರಶಃ ಓದುವುದಾದರೆ, ಚಿನ್ನದಿಂದ ಬಾಗಿದ ಕೊರಳಿನ ನಮ್ಮ ಮದುಮಗಳೇ ಆ ವಾಕ್ಯಗಳಿಗೆ ಮೊದಲು ಉತ್ತರ ಕೊಡಬೇಕಾದವಳು. ಆಕೆಯ ಚಿತ್ರವನ್ನು ನಾವು ಸಂತೋಷದಿಂದ ಸಭಾಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ.

ಎರಡನೆಯದು ಎಡವಿಸುವಿಕೆಯ ಆಕ್ಷೇಪ: ನೋಡುವವನು ಪಾಪದಲ್ಲಿ ಬೀಳುತ್ತಾನೆ. ಕರ್ತನು ಪರ್ವತಪ್ರಸಂಗದಲ್ಲಿ ಕಿತ್ತುಹಾಕಲು ಹೇಳಿದ್ದು ನೋಡುವವನ ಕಣ್ಣನ್ನು. ಸ್ನಾನಮಾಡುತ್ತಿದ್ದ ಬತ್ಷೆಬೆಯನ್ನು ನಾತಾನನು ಗದರಿಸಲಿಲ್ಲ. ಮಾಳಿಗೆಯ ಮೇಲಿಂದ ನೋಡಿದ ದಾವೀದನನ್ನು ಗದರಿಸಿದನು. ಅರಸನ ಔತಣದಲ್ಲಿ ತನ್ನ ಸೌಂದರ್ಯವನ್ನು ಪ್ರದರ್ಶಿಸಲು ಒಪ್ಪದ ವಷ್ಟಿ ರಾಣಿ ಪಟ್ಟವನ್ನೇ ಕಳೆದುಕೊಂಡಳು. ದೇಹವನ್ನು ತೋರುವುದು, ತೋರದಿರುವುದು ಎರಡರ ಅಧಿಕಾರವೂ ಸ್ತ್ರೀಯ ಕೈಯಲ್ಲಿ ಇಲ್ಲದಿರುವುದೇ ಈ ಕಥೆಗಳಲ್ಲಿ ಕಾಣುವ ಅನ್ಯಾಯ.

ಈ ಅಸಮತೆ ನಮ್ಮ ನಾಡಿನ ಧಾರ್ಮಿಕ ಸ್ಮೃತಿಯಲ್ಲಿಯೂ ಇದೆ. ಕಾರ್ಕಳದ ಗುಡ್ಡದ ಮೇಲೆ 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ 42 ಅಡಿಯ ಬಾಹುಬಲಿ ಆರು ಶತಮಾನದಿಂದ ದಿಗಂಬರನಾಗಿ ನಿಂತಿದ್ದಾನೆ; ಯಾರೂ ಅವನಿಂದ ವಿವರಣೆ ಕೇಳಿಲ್ಲ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿ ವಸ್ತ್ರವನ್ನು ತ್ಯಜಿಸಿ ಕಲ್ಯಾಣಕ್ಕೆ ಬಂದಾಗ ಮಾತ್ರ, ಕೂದಲನ್ನೇಕೆ ಮರೆಮಾಡಿಕೊಂಡೆ ಎಂಬ ಪ್ರಶ್ನೆಗೂ ಆಕೆ ಉತ್ತರಿಸಬೇಕಾಯಿತೆಂದು ಸಂಪ್ರದಾಯ ಹೇಳುತ್ತದೆ. ನಮ್ಮ ಮಾತೇನು? ಶಿಲುಬೆಯ ಮೇಲೆ ಕರ್ತನ ಬೆತ್ತಲೆ ದೇಹವನ್ನು, ಕಬ್ಬಿಣದ ಸಲಾಕೆಗಳ ಮೇಲೆ ಸುಡಲ್ಪಟ್ಟ ಲಾರೆನ್ಸನ ದೇಹವನ್ನು ನಾವು ಪವಿತ್ರವೆಂದು ಕಾಣುತ್ತೇವೆ. ಆ ರಕ್ತಸಾಕ್ಷಿಯ ಹೆಸರಿನ ಅತ್ತೂರಿನ ದೇವಾಲಯ 2016ರಲ್ಲಿ ಬೆಸಿಲಿಕಾ ಆಯಿತು. ನೋವುಂಡ ದೇಹ ಪವಿತ್ರವಾಗಬಹುದು, ನಲಿಯುವ ದೇಹ ಮಾತ್ರ ಅಪವಿತ್ರ ಎಂಬ ನಮ್ಮ ವಾಡಿಕೆಯ ಭಾವನೆಗೆ ಸೃಷ್ಟಿಯ ಸಿದ್ಧಾಂತದಲ್ಲಿ ಆಧಾರವಿಲ್ಲ.

ಮೂರನೆಯ ಆಕ್ಷೇಪ ಆತ್ಮಪ್ರಶಂಸೆಯದು. ಅಹಂಕಾರವೇ ಪಾಪದ ಬೇರಲ್ಲವೇ? ವ್ಯಾಲರಿ ಸೈವಿಂಗ್ 1960ರಲ್ಲಿ ಬರೆದ ಪ್ರಬಂಧದಲ್ಲಿ ಇದಕ್ಕೆ ಕೊಟ್ಟ ಉತ್ತರ ಇಂದಿಗೂ ಪ್ರಸ್ತುತ. ಅಹಂಕಾರವನ್ನೇ ಪಾಪವೆಂದು ಬರೆದವರು ಪುರುಷರು, ತಮ್ಮ ಅನುಭವದಿಂದ ಬರೆದರು. ಸ್ತ್ರೀಯ ಶೋಧನೆ ಹೆಚ್ಚಾಗಿ ತನ್ನನ್ನು ತಾನು ಇಲ್ಲವಾಗಿಸಿಕೊಳ್ಳುವುದರಲ್ಲಿದೆ. ಕತ್ತರಿಸಿದ ಗುಂಪುಚಿತ್ರದ ವೃದ್ಧೆಗೆ ಅಹಂಕಾರದ ವಿರುದ್ಧ ಬೋಧಿಸುವುದು ರೋಗವನ್ನು ತಿಳಿಯದೆ ಮದ್ದು ಕೊಟ್ಟಂತೆ.

4. ಚಿತ್ರದ ಮೇಲೆ ನಮ್ಮ ಆಕ್ಷೇಪ

ಇಷ್ಟು ಹೇಳಿದ ಮೇಲೆ ಚಿತ್ರವನ್ನೇ ನೋಡೋಣ. ಬಿಳಿಯ ಹಾಸಿಗೆ, ಕಿಟಕಿಯ ಪಕ್ಕದ ಮೃದುವಾದ ಬೆಳಕು, ಕಸೂತಿಯ ಉಡುಪು, ಅರ್ಧ ತಿರುಗಿದ ಬೆನ್ನು, ಕೆಳಗಿಳಿದ ರೆಪ್ಪೆ: ಎಲ್ಲೆಡೆಯ ಬೂದ್ವಾರ್ ಚಿತ್ರಗಳೂ ಅಣ್ಣತಮ್ಮಂದಿರಂತೆ ಹೋಲುತ್ತವೆ. ತನ್ನನ್ನು ಸಂಭ್ರಮಿಸಲು ಬಂದವಳಿಗೆ ಸಂಭ್ರಮದ ಅಚ್ಚು ಮೊದಲೇ ಸಿದ್ಧವಾಗಿದೆ. ಜಾನ್ ಬರ್ಜರ್ 1972ರಲ್ಲಿ ಪಾಶ್ಚಾತ್ಯ ಚಿತ್ರಕಲೆಯ ಬಗ್ಗೆ ತೋರಿಸಿಕೊಟ್ಟಂತೆ, ಸ್ತ್ರೀಯು ತನ್ನನ್ನು ನೋಡುವ ಪುರುಷನ ಕಣ್ಣನ್ನು ತನ್ನೊಳಗೇ ಹೊತ್ತು ತಿರುಗುತ್ತಾಳೆ. ಕೋಣೆಯಲ್ಲಿ ಗಂಡಸಿಲ್ಲದಿದ್ದರೂ ಅವನ ರುಚಿ ಅಲ್ಲಿರಬಹುದು.

ಆಮೇಲೆ ತಿದ್ದುಪಡಿ. ಹೆರಿಗೆಯ ಗೆರೆಗಳನ್ನು ಅಳಿಸಿ, ಸೊಂಟವನ್ನು ಒತ್ತಿ, ಬಣ್ಣವನ್ನು ತಿಳಿಯಾಗಿಸಿ ಕೊಟ್ಟ ಚಿತ್ರ ಯಾರದು? ತನ್ನನ್ನು ಇದ್ದ ಹಾಗೆ ಒಪ್ಪಿಕೊಳ್ಳಲು ಬಂದವಳ ಕೈಗೆ ಇಲ್ಲದ ಇನ್ನೊಬ್ಬಳ ಚಿತ್ರವನ್ನು ಕೊಟ್ಟು ಕಳುಹಿಸಿದಂತಾಯಿತು.

ಹಣದ ಪ್ರಶ್ನೆಯೂ ಇದೆ. ಕಾಪುವಿನ ಹತ್ತಿರದ ಶಂಕರಪುರದಲ್ಲಿ ಹೊತ್ತು ಮೂಡುವ ಮೊದಲೇ ಎದ್ದು ಮಲ್ಲಿಗೆ ಕೊಯ್ದು, ಬಾಳೆನಾರಿನಲ್ಲಿ ಚೆಂಡು ಕಟ್ಟಿ, ದಿನದ ದರಕ್ಕೆ ಕಾಯುವ ಸ್ತ್ರೀಯರಲ್ಲಿ ನಮ್ಮ ಕ್ರೈಸ್ತ ಕುಟುಂಬದವರು ಬಹಳ ಮಂದಿ. ಅವರು ಕಟ್ಟಿದ ಹೂವು ಎಷ್ಟೋ ಮದುಮಕ್ಕಳ ಮುಡಿಯನ್ನು ಸಿಂಗರಿಸುತ್ತದೆ. ಮಲ್ಪೆಯಲ್ಲಿ ಮೀನು ಹೊರುವವಳ ಕೊರಳು, ಕಾರ್ಕಳದಲ್ಲಿ ಬೀಡಿ ಸುತ್ತುವವಳ ಬೆರಳು, ಮಲ್ಲಿಗೆ ಕಟ್ಟುವವಳ ಬೆನ್ನು ಇವು ಸಂಭ್ರಮಕ್ಕೆ ಅರ್ಹವಾದ ದೇಹಗಳೇ. ಹಣ ಕೊಟ್ಟು ಕೊಳ್ಳುವ ಸಂಭ್ರಮ ಅವರನ್ನು ಮುಟ್ಟುವುದಿಲ್ಲ.

ಕೊನೆಯದು ಕಾವಲಿನ ಪ್ರಶ್ನೆ. ಚಿತ್ರ ಇಂದು ಕಾಗದವಲ್ಲ. ಒಂದು ಕ್ಷಣದಲ್ಲಿ ಊರೆಲ್ಲ ಹರಡಬಲ್ಲ ಕಡತ. ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಂ, ಚಿತ್ರ ತೆಗೆಯಲು ಸ್ತ್ರೀಯು ಒಪ್ಪಿದ್ದರೂ ಹರಡಲು ಒಪ್ಪಿರದಿದ್ದರೆ ಹರಡಿದವನು ಅಪರಾಧಿಯೆಂದು ಹೇಳುತ್ತದೆ. ಸಭಾಪಾಲಕರು ಇದನ್ನು ಬಲ್ಲವರಾಗಿರಬೇಕು. ಇಂಥ ಚಿತ್ರ ಹೊರಬಿದ್ದ ದಿನ ‘ತೆಗೆಸಿಕೊಂಡದ್ದೇಕೆ’ ಎಂಬ ಪ್ರಶ್ನೆಯಿಂದ ಆರಂಭಿಸುವ ಸಭೆ ಕಾನೂನಿಗಿಂತಲೂ ಕೆಳಗೆ ಇಳಿದಿರುತ್ತದೆ.

5. ಮುಚ್ಚಿದ ಬಾಗಿಲು, ತೋರಿಸಿದ ಗಾಯ

ರೋಮಿನ ಪರಂಪರೆಯಲ್ಲಿ ಎರಡನೆಯ ಯೋಹಾನ ಪೌಲರು 1979ರಿಂದ 1984ರ ವರೆಗೆ ದೇಹದ ಬಗ್ಗೆ ನೀಡಿದ ಬೋಧನೆಗಳಲ್ಲಿ, 1981ರ ವಸಂತದಲ್ಲಿ, ಛಾಯಾಚಿತ್ರದಲ್ಲಿ ಬೆತ್ತಲೆ ದೇಹದ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡರು. ಪುನರುತ್ಪಾದಿತ ಚಿತ್ರದಲ್ಲಿ ದೇಹವು ವ್ಯಕ್ತಿಯಿಂದ ಬೇರ್ಪಟ್ಟು ಅನಾಮಿಕವಾಗುವ ಅಪಾಯವನ್ನು ಅವರು ಸರಿಯಾಗಿ ಗುರುತಿಸಿದರು. ಆದರೆ ಅವರ ವಿವೇಚನೆ ಬಹುಮಟ್ಟಿಗೆ ಕಲಾವಿದನ ಹೊಣೆ, ನೋಡುವವನ ಹೊಣೆಗಳ ಸುತ್ತ ತಿರುಗುತ್ತದೆ. ಚಿತ್ರವನ್ನು ತಾನೇ ಬಯಸಿ ತೆಗೆಸಿಕೊಳ್ಳುವ ಸ್ತ್ರೀ ಅಲ್ಲಿ ಮೂರನೆಯ ವ್ಯಕ್ತಿಯಾಗಿ ಮಾತಾಡುವುದಿಲ್ಲ. ಅವಳ ಸ್ಥಾನದಿಂದ ಯೋಚಿಸಲು ನಮಗೆ ಯೋಹಾನನ ಸುವಾರ್ತೆಯ 20ನೆಯ ಅಧ್ಯಾಯ ನೆರವಾಗುತ್ತದೆ.

ಅಲ್ಲಿ ಬಾಗಿಲುಗಳು ಮುಚ್ಚಿವೆ. ಎದ್ದುಬಂದ ಕರ್ತನು ಒಳಗೆ ನಿಂತು ತನ್ನ ಕೈಗಳನ್ನೂ ಪಕ್ಕೆಯನ್ನೂ ತಾನಾಗಿಯೇ ತೋರಿಸುತ್ತಾನೆ. ಮೂರು ದಿನಗಳ ಹಿಂದೆ ಅದೇ ದೇಹವನ್ನು ವಸ್ತ್ರ ಕಿತ್ತು, ಅವನ ಇಚ್ಛೆಗೆ ವಿರುದ್ಧವಾಗಿ, ಹಾದುಹೋಗುವವರ ಮುಂದೆ ಪ್ರದರ್ಶಿಸಲಾಗಿತ್ತು. ಈಗ ಯಾರು ನೋಡಬೇಕು, ಯಾರು ಮುಟ್ಟಬೇಕು ಎಂಬುದು ಅವನ ನಿರ್ಧಾರ. ಮಗ್ದಲದ ಮರಿಯಳಿಗೆ ಹಿಡಿಯಬೇಡವೆಂದನು; ತೋಮನಿಗೆ ಕೈಚಾಚೆಂದನು. ಮಹಿಮೆ ಹೊಂದಿದ ಆ ದೇಹದಲ್ಲಿ ಗಾಯಗಳು ಉಳಿದಿವೆ. ಪುನರುತ್ಥಾನವು ಅವನ್ನು ಅಳಿಸಿ ಹಾಕಲಿಲ್ಲ. ನೋಡಿದವರು ಆ ಕೋಣೆಯಿಂದ ಹೊರಟದ್ದು ಪ್ರೇಕ್ಷಕರಾಗಿ ಅಲ್ಲ, ಸಾಕ್ಷಿಗಳಾಗಿ. ಬೂದ್ವಾರ್ ಚಿತ್ರವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನಮಗೆ ಕಾಣದು: ತೋರುವುದು ತನ್ನ ಇಚ್ಛೆಯೇ? ಗಾಯವು ಉಳಿದಿದೆಯೇ? ನೋಡುವವನು ಸಾಕ್ಷಿಯೇ, ಪ್ರೇಕ್ಷಕನೇ?

ಈ ಅಳತೆಗೋಲಿನಲ್ಲಿ ಕೆಲವು ಚಿತ್ರಗಳು ನಿಲ್ಲುತ್ತವೆ, ಬಹಳಷ್ಟು ನಿಲ್ಲುವುದಿಲ್ಲ. ಆದರೆ ಅದೇ ಕೋಲು ಸಭೆಯನ್ನೂ ಅಳೆಯುತ್ತದೆ. ಆದಿಸಭೆಗೆ ಈ ಕೆಲಸ ಗೊತ್ತಿತ್ತು. ದೀಕ್ಷಾಸ್ನಾನಕ್ಕೆ ಬಂದವರು ವಸ್ತ್ರವನ್ನು ಕಳಚಿ ನೀರಿಗಿಳಿದದ್ದನ್ನು ಸ್ಮರಿಸುತ್ತ, ನಾಚಿಕೆಯಿಲ್ಲದೆ ನಿಂತಿದ್ದ ಆದಾಮನಿಗೆ ಅವರನ್ನು ಯೆರೂಸಲೇಮಿನ ಸಿರಿಲನು ಹೋಲಿಸಿದ್ದಾನೆ. ಮೂರನೆಯ ಶತಮಾನದ ಸಿರಿಯದ ‘ದಿದಸ್ಕಾಲಿಯ’ ಗ್ರಂಥದ ಪ್ರಕಾರ ಸ್ತ್ರೀಯರಿಗೆ ಎಣ್ಣೆಯ ಅಭಿಷೇಕ ಮಾಡಬೇಕಾದವಳು ಸಭಾಸೇವಕಿ. ಸ್ತ್ರೀಯ ದೇಹವನ್ನು ಪುರುಷರು ನೋಡುವುದು ತರವಲ್ಲವೆಂಬುದು ಅಲ್ಲಿ ಕೊಟ್ಟ ಕಾರಣ. ಸ್ತ್ರೀಯ ದೇಹವನ್ನು ಸ್ತ್ರೀಯೊಬ್ಬಳು ದೇವರ ಹೆಸರಿನಲ್ಲಿ ನೋಡಿ, ಮುಟ್ಟಿ, ಆಶೀರ್ವದಿಸುವ ಸೇವೆಯೊಂದು ಸಭೆಯಲ್ಲಿತ್ತು. ಅದು ಮರೆಯಾಯಿತು. ದೀನ್ ದಯಾಳರ ಜನಾನಾ ಸ್ಟುಡಿಯೊವೂ ಇಂದಿನ ಛಾಯಾಗ್ರಾಹಕಿಯೂ ಆ ಬರಿದಾದ ಜಾಗದ ಹತ್ತಿರದಲ್ಲಿಯೇ ಅಂಗಡಿ ತೆರೆದಿದ್ದಾರೆ.

ಅದರ ಒಂದು ತುಣುಕು ನಮ್ಮ ಕರಾವಳಿಯ ಕಥೋಲಿಕರ ‘ರೋಸ್’ ಶಾಸ್ತ್ರದಲ್ಲಿ ಉಳಿದಿದೆ. ಮದುವೆಯ ಮುನ್ನಾದಿನ ಬಂಧುಬಳಗದವರು ತೆಂಗಿನ ಹಾಲನ್ನೂ ಎಣ್ಣೆಯನ್ನೂ ಹಚ್ಚಿ ಮದುಮಗಳನ್ನು ಆಶೀರ್ವದಿಸುತ್ತಾರೆ. ಕೈಗಳು ಮೈಯನ್ನು ಮುಟ್ಟಿ ಶುಭ ಕೋರುತ್ತವೆ. ಅದಕ್ಕೆ ದರ್ಪಣವಾಗಲಿ ತಿದ್ದುಪಡಿಯಾಗಲಿ ಬೇಡ. ಆದರೆ ಅದೂ ಮದುವೆಯಾಗುವವಳಿಗೆ ಮಾತ್ರ, ಬದುಕಿನಲ್ಲಿ ಒಂದೇ ಸಲ.

6. ನಮ್ಮ ಮುಂದಿರುವ ಕೆಲಸ

ಆದಕಾರಣ ಸಭಾಪಾಲಕರಿಗೂ ಯಾಜಕರಿಗೂ ಸೆಮಿನರಿಯ ವಿದ್ಯಾರ್ಥಿಗಳಿಗೂ ನಮ್ಮ ವಿಜ್ಞಾಪನೆ ಇದು. ಬೂದ್ವಾರ್ ಚಿತ್ರ ತೆಗೆಸಿಕೊಂಡ ಸ್ತ್ರೀಯೊಬ್ಬಳು ಆಪ್ತಸಮಾಲೋಚನೆಗೆ ಬಂದರೆ ಚಿತ್ರವನ್ನು ನೋಡಬೇಡಿರಿ, ನೋಡಲು ಕೇಳಬೇಡಿರಿ. ಆ ಚಿತ್ರಕ್ಕೆ ಮುಂಚಿನ ವರ್ಷಗಳಲ್ಲಿ ಆಕೆಯ ದೇಹದ ಬಗ್ಗೆ ಯಾರು ಏನು ಹೇಳಿದರೆಂಬುದನ್ನು ಕೇಳಿಸಿಕೊಳ್ಳಿರಿ. ಆ ಮಾತುಗಳಲ್ಲಿ ಕೆಲವು ಪ್ರಸಂಗಪೀಠದಿಂದಲೇ ಬಂದಿರಬಹುದು. ಸ್ತ್ರೀ ಅನ್ಯೋನ್ಯ ಕೂಟಗಳಲ್ಲಿ ಪರಮಗೀತೆಯ ಮೊದಲನೆಯ ಅಧ್ಯಾಯವನ್ನು ಸ್ತ್ರೀಯರೇ ಓದಿ ವಿವರಿಸಲಿ. ಹೆರಿಗೆಯ ನಂತರದ ಕೃತಜ್ಞತಾಸ್ತುತಿಯ ಕ್ರಮ ನಮ್ಮ ಆರಾಧನಾ ಪರಂಪರೆಯಲ್ಲಿದೆ; ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಂಡವಳಿಗೆ, ಮುಟ್ಟು ನಿಂತವಳಿಗೆ, ಮದುವೆಯಿಲ್ಲದೆ ಐವತ್ತು ತುಂಬಿದವಳಿಗೆ ಎಣ್ಣೆಯೊಡನೆ ಆಶೀರ್ವಾದದ ಸರಳವಾದ ಕ್ರಮವೊಂದನ್ನು ರಚಿಸುವುದು ಅಸಾಧ್ಯವೇನಲ್ಲ. ಅದನ್ನು ನಡೆಸಬೇಕಾದವರು ಸ್ತ್ರೀಯರೇ. ಸ್ತ್ರೀಯರಿಗೆ ಗುರುದೀಕ್ಷೆ ಕೊಡುವ ದಕ್ಷಿಣ ಭಾರತ ಸಭೆಗೆ ಇದರಲ್ಲಿ ಯಾವ ಅಡ್ಡಿಯೂ ಇಲ್ಲ. ಇತರ ಸಭೆಗಳಲ್ಲಿ ಕನ್ಯಾಸ್ತ್ರೀಯರೂ ಹಿರಿಯ ತಾಯಂದಿರೂ ಇದ್ದಾರೆ.

ಹೀಗೆ ಮಾಡಿದರೆ ಸ್ಟುಡಿಯೊಗಳು ಮುಚ್ಚುವುದಿಲ್ಲ; ಮುಚ್ಚಬೇಕೆಂಬುದು ನಮ್ಮ ಆಶಯವೂ ಅಲ್ಲ. ಅರಣ್ಯದಲ್ಲಿ ಒಬ್ಬಂಟಿಗಳಾಗಿ, ಬಸುರಿಯಾಗಿ, ಒಡತಿಯ ಬಾಧೆ ತಾಳದೆ ಓಡಿಬಂದು ನಿಂತ ಹಾಗರಳು ದೇವರಿಗೆ ತಾನೇ ಒಂದು ಹೆಸರಿಟ್ಟಳು: ತನ್ನನ್ನು ನೋಡುವಾತನು. ನೋಡಲ್ಪಡುವುದು ಕೃಪೆಯಾಗಬಲ್ಲದೆಂದು ಆ ದಾಸಿಯಿಂದ ನಾವು ಕಲಿತಿದ್ದೇವೆ. ನಮ್ಮ ಸಭೆಯ ಸ್ತ್ರೀಯರು ಆ ಕೃಪೆಯನ್ನು ಮೊದಲ ಸಲ ಅನುಭವಿಸುವುದು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆದ ಕೋಣೆಯಲ್ಲಾದರೆ, ಉತ್ತರ ಹೇಳಬೇಕಾದವರು ಆ ಸ್ತ್ರೀಯರಲ್ಲ.